ಗದ್ದೆಯ ಕಾಲು

ಹರಾಜಿನಲ್ಲಿ ನನ್ನ ಹೆಸರು ಕೂಗಿದಾಗ ನಾನು ಮೊಣಕಾಲುದ್ದ ಕೆಸರಿನಲ್ಲಿ ನಿಂತಿದ್ದೆ. ಕಬಡ್ಡಿ ಲೀಗಿನ ಹರಾಜು ಅದು. ಎಲ್ಲೋ ದೂರದ ಊರಿನ ದೊಡ್ಡ ಹೋಟೆಲಿನಲ್ಲಿ ಕೋಟು ಹಾಕಿಕೊಂಡವರು ದುಂಡು ಮೇಜುಗಳ ಸುತ್ತ ಕೂತು ಆಟಗಾರರನ್ನು ಆರಿಸುತ್ತಿದ್ದರು. ಹಾರಂಗಿ ಕಾಲುವೆಯ ಕೆಳಗಿನ ನಮ್ಮ ಗದ್ದೆಯ ಬದುವಿನ ಮೇಲೆ, ಬುತ್ತಿ ಡಬ್ಬಿಗೆ ಒರಗಿಸಿಟ್ಟ ಮೊಬೈಲಿನಲ್ಲಿ ನಾವು ಅದನ್ನು ನೋಡುತ್ತಿದ್ದೆವು. ನಾವು ಎಂದರೆ ನಾನು, ನನ್ನ ಅವ್ವ, ಮತ್ತು ನಾಟಿಗೆ ಬಂದಿದ್ದ ಹತ್ತು ಹನ್ನೆರಡು ಹೆಂಗಸರು. ಎಲ್ಲರ ಕೈಯಲ್ಲೂ ಸಸಿಕಟ್ಟು ಹಾಗೇ ಇತ್ತು.

ಪರದೆಯ ಮೇಲೆ ನನ್ನ ಫೋಟೊ ಬಂತು. ಕೂಗುವಾತ ಹೆಸರು ಓದಿದ, ಆಡುವ ಜಾಗ ಎಡ ಕವರ್ ಎಂದ, ಸುತ್ತ ಒಮ್ಮೆ ನೋಡಿದ. ಯಾರೂ ಫಲಕ ಎತ್ತಲಿಲ್ಲ. ಒಬ್ಬ ನೀರು ಕುಡಿಯುತ್ತಿದ್ದ, ಇನ್ನೊಬ್ಬ ಪಕ್ಕದವನ ಕಿವಿಯಲ್ಲಿ ಏನೋ ಹೇಳಿ ನಗುತ್ತಿದ್ದ. ಫೋಟೊದಲ್ಲಿ ಕೂದಲು ಸರಿಯಾಗಿ ಬಾಚಿಕೊಂಡಿದ್ದೇನೋ ಇಲ್ಲವೋ ಎಂದು ನಾನು ನೋಡುತ್ತಿದ್ದಂತೆಯೇ ಬೇರೊಬ್ಬನ ಮುಖ ಬಂದುಬಿಟ್ಟಿತು.

"ಅಷ್ಟೇಯಾ?" ಎಂದಳು ಪಕ್ಕದ ಮನೆ ಚಿಕ್ಕವ್ವ. ರಕ್ತ ಸಂಬಂಧವಲ್ಲ, ಆದರೆ ಹುಟ್ಟಿದಾಗಿನಿಂದ ನನಗವಳು ಚಿಕ್ಕವ್ವನೇ. ಬಾಯಿ ಮಾತ್ರ ಇಡೀ ಕೇರಿಗೆ ಕೇಳಿಸುವಂಥದ್ದು.

"ಅಷ್ಟೇ," ಎಂದೆ.

"ಅಯ್ಯೋ ಶಿವನೆ! ಸಂತೇಲಿ ಕುಂಬ್ಳಕಾಯ್ನಾದ್ರೂ ಒಂದ್ಸಲ ತಟ್ಟಿ ನೋಡ್ತಾರಲ್ಲೋ!"

ಹೆಂಗಸರೆಲ್ಲ ಗೊಳ್ಳೆಂದು ನಕ್ಕರು. ನನಗೆ ಮೈಯೆಲ್ಲ ಉರಿದುಹೋಯಿತು. ಕೈಯಲ್ಲಿದ್ದ ಸಸಿಕಟ್ಟನ್ನು ನೀರಿಗೆ ಎಸೆದೆ. ಅದು ಚಿಕ್ಕವ್ವನ ಮುಖಕ್ಕೇ ಕೆಸರು ಹಾರಿಸಿತು, ಅದಕ್ಕೂ ನಕ್ಕರು. ಅವ್ವ ಮಾತ್ರ ನಗದೆ, ತಲೆಯ ಮೇಲಿನ ಟವೆಲ್ ಬಿಗಿ ಮಾಡಿಕೊಂಡಳು. "ಶನಿವಾರಸಂತೇಲಿ ಉಳಿದ ಕುಂಬ್ಳಕಾಯಿ ಎಲ್ಲಿಗ್ ಹೋದದು? ಮನೆಗೇ ತಾನೆ ಬರೋದು. ಬರ್ಲಿ, ಹುಳಿ ಮಾಡಣ. ಏಳ್ರೇ, ಮಧ್ಯಾನ ಆಯ್ತು," ಎಂದು ತನ್ನ ಜಾಗಕ್ಕೆ ಹೋಗಿ ಬಗ್ಗಿದಳು. ನಾನೂ ಹೋಗಿ ಅವಳ ಪಕ್ಕದಲ್ಲಿ ಬಗ್ಗಿದೆ. ಬಗ್ಗಿದರೆ ಮುಖ ಯಾರಿಗೂ ಕಾಣುವುದಿಲ್ಲ, ಅದೊಂದು ಅನುಕೂಲ.

ಈ ನಾಟಿಯ ಸಾಲಿನ ಬಗ್ಗೆ ಸ್ವಲ್ಪ ಹೇಳಬೇಕು, ಇಲ್ಲದಿದ್ದರೆ ನಾನು ಯಾಕೆ ಹಾಗೆ ಆಡಿದೆ ಎಂಬುದು ಗೊತ್ತಾಗುವುದಿಲ್ಲ. ನಮ್ಮ ತಾತ ಹಾಸನದ ಕಡೆಯಿಂದ ಇಲ್ಲಿಗೆ ಬಂದವರು. ಬಂದ ನಾಲ್ಕಾರು ಮನೆಗಳು ಒಬ್ಬರ ಗದ್ದೆಗೆ ಇನ್ನೊಬ್ಬರು ಮುಯ್ಯಾಳಾಗಿ ಹೋಗುವುದು ಇವತ್ತಿಗೂ ಉಂಟು. ಇವತ್ತು ನಿನ್ನ ಗದ್ದೆ, ನಾಳೆ ನನ್ನದು. ಆ ಸಾಲಿನಲ್ಲಿ ಒಬ್ಬೊಬ್ಬರಿಗೂ ಒಂದು ಜಾಗ. ಅವ್ವ ಎಡ ತುದಿ. ಅವಳ ಪಕ್ಕ ನಾನು, ನನ್ನ ಪಕ್ಕ ಚಿಕ್ಕವ್ವ. ಒಬ್ಬಳು ಬಾಣಂತಿಯಾಗಿಯೋ ಜ್ವರ ಬಂದೋ ಉಳಿದರೆ ಅವಳ ಜಾಗಕ್ಕೆ ಬೇರೆಯವರನ್ನು ನಿಲ್ಲಿಸುವ ಪದ್ಧತಿ ನಮ್ಮ ಹೆಂಗಸರಲ್ಲಿಲ್ಲ. ಆ ಎರಡು ಮೊಳ ಹಾಗೇ ಬಿಟ್ಟು, ಆಚೆಯವಳೊಂದು ಕೈ ಈಚೆಯವಳೊಂದು ಕೈ ಚಾಚಿ ಅವಳ ಪಾಲನ್ನೂ ನೆಟ್ಟುಕೊಂಡು ಬರುತ್ತಾರೆ. ಸೊಂಟ ಬಿದ್ದುಹೋದರೂ ಸರಿ. ಯಾಕೆ ಹೀಗೆ ಎಂದು ಒಮ್ಮೆ ಕೇಳಿದ್ದೆ. "ಬಂದಾಗ ಎಲ್ಲಿ ನಿಂತ್ಕೋತಾಳೆ ಮತ್ತೆ?" ಎಂದು ಅವ್ವ ನನ್ನನ್ನೇ ದಡ್ಡನನ್ನು ನೋಡುವಂತೆ ನೋಡಿದ್ದಳು.

ಗಂಡಸರು ನಾಟಿ ಮಾಡುವುದಿಲ್ಲ, ನನಗದು ಗೊತ್ತು. ಆದರೆ ಆರು ವರ್ಷಕ್ಕೇ ಅವ್ವನ ಸೆರಗು ಹಿಡಿದು ಗದ್ದೆಗಿಳಿದವನು ಹತ್ತಲೇ ಇಲ್ಲ. ಎಂಬತ್ತು ಕೆಜಿಯ ಗಂಡಸು ಹೆಂಗಸರ ಸಾಲಿನಲ್ಲಿ ಬಗ್ಗಿ ನೆಡುವುದನ್ನು ನೋಡಿ ರಸ್ತೆಯಲ್ಲಿ ಹೋಗುವವರು ಬೈಕ್ ನಿಲ್ಲಿಸುತ್ತಿದ್ದರು. ನಿಲ್ಲಿಸಲಿ, ನನಗೇನು!

ನಾಟಿ ಮಾಡುವವರು ಹಿಂದಕ್ಕೆ ನಡೆಯುತ್ತಾರೆ. ನೆಟ್ಟ ಪೈರನ್ನು ತುಳಿಯಬಾರದಲ್ಲ. ಕೆಸರಿನಲ್ಲಿ ಹಿಂದಕ್ಕೆ ನಡೆಯುವುದನ್ನು ಅವ್ವ ನನಗೆ ಕಲಿಸಿದಳು: ಪಾದವನ್ನು ಒಟ್ಟಿಗೆ ಎತ್ತಬಾರದು, ಕೆಸರು ಹೀರಿಕೊಂಡು ಬಿಡುವುದಿಲ್ಲ. ಮೊದಲು ಹಿಮ್ಮಡಿ ಮಾತ್ರ ಎತ್ತಬೇಕು. ಅಡಿಗೆ ನೀರು ನುಗ್ಗುತ್ತದೆ, ಕೆಸರು ತಾನಾಗಿ ಬಿಡುತ್ತದೆ, ಆಮೇಲೆ ಕಾಲು ಹೂವಿನ ಹಾಗೆ ಬರುತ್ತದೆ. "ಹಿಮ್ಮಡಿ ಮೊದ್ಲು, ಮಗ, ಹಿಮ್ಮಡಿ," ಎನ್ನುತ್ತಿದ್ದಳು. ಕಾಲು ಹೂತುಕೊಂಡರೆ ಕೈ ಕೊಡುತ್ತಿದ್ದಳು. ಒದ್ದೆ ಕೈಯಲ್ಲಿ ಅಂಗೈಗೆ ಅಂಗೈ ನಿಲ್ಲುವುದಿಲ್ಲ, ಜಾರುತ್ತದೆ. ನಾಲ್ಕು ಬೆರಳಿಗೆ ನಾಲ್ಕು ಬೆರಳು ಕೊಕ್ಕೆ ಹಾಕಿ ಎಳೆಯುವುದು. ಕಬಡ್ಡಿ ಎಂದು ನಾನು ಕಲಿತದ್ದು ಇವೆರಡೇ. ಮಿಕ್ಕದ್ದೆಲ್ಲ ಆಮೇಲೆ ಬಂತು.

ಮೊದಲು ಆಡಿದ್ದೂ ಗದ್ದೆಯಲ್ಲಿಯೇ, ಶ್ರಾವಣದ ಕೆಸರುಗದ್ದೆ ಆಟಗಳಲ್ಲಿ. ಆಮೇಲೆ ಶನಿವಾರಸಂತೆ, ಕುಶಾಲನಗರ, ಪೊನ್ನಂಪೇಟೆ ಎಂದು ಕರೆದಲ್ಲೆಲ್ಲ ಹೋದೆ. ಹಾಕಿ ಸ್ಟಿಕ್ಕು ಹಿಡಿದೇ ಹುಟ್ಟುವವರ ಜಿಲ್ಲೆಯಲ್ಲಿ ನಾನು ಊಟಕ್ಕಿಲ್ಲದ ಉಪ್ಪಿನಕಾಯಿ. ಅದರಲ್ಲೂ ನಾನು ಆಡುತ್ತಿದ್ದುದು ಕವರ್. ಕಬಡ್ಡಿಯಲ್ಲಿ ಎದುರಾಳಿ ರೈಡರ್ ಒಬ್ಬನೇ ಒಳಗೆ ಬರುತ್ತಾನೆ. ಈ ಕಡೆ ಏಳು ಜನ. ಎರಡು ತುದಿಯಲ್ಲಿ ನಿಲ್ಲುವವರು ಕಾರ್ನರ್. ಅವರು ಕಾಲಿಗೆ ಬಿದ್ದು ರೈಡರನ್ನು ಹಿಡಿಯುತ್ತಾರೆ, ಹೆಸರು ಮಾಡುತ್ತಾರೆ. ಕಾರ್ನರಿನ ಪಕ್ಕದಲ್ಲಿ ಅವನ ಕೈ ಹಿಡಿದು ನಿಲ್ಲುವವನು ಕವರ್. ಅವನು ಮುಂದೆ ನುಗ್ಗಿದಾಗ ಬೆನ್ನಿಗಿರಬೇಕು, ತಪ್ಪಿದಾಗ ಕೈ ಹಿಡಿದು ಹಿಂದಕ್ಕೆ ಎಳೆದುಕೊಳ್ಳಬೇಕು, ರೈಡರ್ ನಡುಗೆರೆಯ ಕಡೆ ತಿರುಗಿದರೆ ಎದೆ ಕೊಟ್ಟು ದಾರಿ ಮುಚ್ಚಬೇಕು. ಹಿಡಿದವನಿಗೆ ಅಂಕ ಬರೆಯುತ್ತಾರೆ. ದಾರಿ ಮುಚ್ಚಿದವನಿಗೆ ಬೆನ್ನು ತಟ್ಟುತ್ತಾರೆ, ಅದೂ ನೆನಪಾದರೆ.

ನನಗೆ ಬೇಕಾಗಿದ್ದದ್ದು ಒಂದೇ. ಒಂದು ತಂಡದಲ್ಲಿ ನನ್ನದೇ ಆದ ಒಂದು ಜಾಗ. ಹೆಸರು ಬೇಡ, ಫಲಕ ಬೇಡ. ಈ ಎಡ ಕವರ್ ನಮ್ಮವನು ಎಂದು ಯಾರಾದರೂ ಒಬ್ಬರು ಅನ್ನಬೇಕಿತ್ತು. ಇಷ್ಟು ಸಣ್ಣ ಆಸೆಗೆ ನಾಲ್ಕು ವರ್ಷ ಕೊಟ್ಟೆ.

ಭತ್ತದ ಕೊಯ್ಲಿನ ದಿನ, ಕಟಾವಿನ ಮಿಷನ್ನಿಗಾಗಿ ಕಾಯುತ್ತ ಬದುವಿನ ಮೇಲೆ ಕೂತಿದ್ದಾಗ ಫೋನು ಬಂತು. ಟ್ರಯಲ್ ಕ್ಯಾಂಪೊಂದರಲ್ಲಿ ನನ್ನನ್ನು ನೋಡಿದ್ದ ಕೋಚ್. ಮೈಸೂರು ಕಡೆಯವರು, ಕಡಿಮೆ ಮಾತು. "ನಮ್ಮ ಎಡ ಕವರ್‌ಗೆ ಮಂಡಿ ಹೋಗಿದೆ. ಅವನು ವಾಪಸ್ ಬರೋವರೆಗೂ ಒಬ್ಬ ಬೇಕು. ಎಷ್ಟು ಮ್ಯಾಚು ಅಂತ ಹೇಳಕ್ಕಾಗಲ್ಲ. ಬರ್ತೀಯಾ?"

"ಬಂದೆ ಸರ್," ಎಂದೆ. ಚಪ್ಪಲಿಯನ್ನೂ ಮರೆತು ಮನೆಗೆ ಓಡಿದೆ.

ಅವ್ವನಿಗೆ ಹೇಳಿದರೆ ಅವಳ ಮುಖ ಅರಳಲಿಲ್ಲ. "ಯಾರ್ದೋ ಮಗೀನ್ ಮಂಡಿ ಮುರಿದದೆ, ನೀನ್ ಕುಣೀತಿದ್ದೀಯಲ್ಲೋ," ಎಂದಳು. ಚೀಲಕ್ಕೆ ಚಕ್ಕುಲಿ ತುಂಬುತ್ತ ಇನ್ನೊಂದು ಮಾತು ಸೇರಿಸಿದಳು: "ಅಂವ ಬಂದ್ಮೇಲೆ ಜಾಗ ಬಿಟ್ಕೊಡು. ಜಗಳ ಆಡ್ಬೇಡ. ನಿನ್ ಬುದ್ಧಿ ನಂಗೊತ್ತು."

ಆ ಊರು, ಆ ಒಳಾಂಗಣ ಈಗ ನನಗೆ ಸರಿಯಾಗಿ ನೆನಪಾಗುವುದಿಲ್ಲ. ನೆನಪಾಗುವುದು ಬೆಳಕು ಮಾತ್ರ. ಮೇಲಿನಿಂದ ಸುರಿಯುವ ಬಿಳಿ ಬೆಳಕಿನಲ್ಲಿ ಮ್ಯಾಟು ನೀರು ನಿಲ್ಲಿಸಿದ ಗದ್ದೆಯ ಹಾಗೆ ಹೊಳೆಯುತ್ತಿತ್ತು. ಜನರ ಕೂಗು ದೂರದಲ್ಲೆಲ್ಲೋ, ಕಾಲುವೆಯ ತೂಬು ತೆಗೆದಾಗ ಬರುವ ಸದ್ದಿನಂತೆ ಒಂದೇ ಸಮನೆ ಇರುತ್ತಿತ್ತು. ಮ್ಯಾಟಿನ ಮೇಲೆ ಕಾಲಿಡುವಾಗ ತಣ್ಣಗಿರುತ್ತದೆ ಎಂದು ಪ್ರತಿ ಸಲವೂ ಅಂದುಕೊಳ್ಳುತ್ತಿದ್ದೆ. ಬಿಸಿಯಾಗಿರುತ್ತಿತ್ತು. ಎಚ್ಚರವೋ ಕನಸೋ ಎಂದು ಕೆನ್ನೆ ಚಿವುಟಿಕೊಂಡದ್ದೂ ಉಂಟು. ನಿಜ ಹೇಳುತ್ತೇನೆ, ಅಷ್ಟು ಸಂತೋಷವನ್ನು ನಾನು ಆಮೇಲೆ ಯಾವತ್ತೂ ಪಡಲಿಲ್ಲ.

ನನ್ನ ಕಾರ್ನರ್ ಉತ್ತರದ ಕಡೆಯವನು, ಎಮ್ಮೆ ಹಾಲು ಕುಡಿದು ಬೆಳೆದ ಆಸಾಮಿ. ಮೊದಲ ದಿನ ನಾನು ಅವನ ಬೆರಳಿಗೆ ಕೊಕ್ಕೆ ಹಾಕಿದಾಗ ಕೈ ಕಿತ್ತುಕೊಂಡ. "ಕೈ ಹಿಡಿ ಅಂದ್ರೆ ಬೆರಳು ಮುರೀತೀಯಲ್ಲ!" ಎಂದು ಹಿಂದಿಯಲ್ಲಿ ರೇಗಿದ. ಕುಶಾಲನಗರದ ಅಂಗಡಿ ಬೀದಿಯಲ್ಲಿ ಕಲಿತ ನನ್ನ ಅರ್ಧಂಬರ್ಧ ಹಿಂದಿಯಲ್ಲಿ ನಾನೂ ರೇಗಿದೆ. ಎರಡು ದಿನ ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ಮೂರನೆಯ ದಿನ ಅವನು ಮುಂದೆ ಹೋಗಿ, ಹಿಡಿಯಹೋದ ಕಾಲು ತಪ್ಪಿ ಬಿದ್ದಾಗ, ರೈಡರಿನ ಕೈ ಅವನ ಬೆನ್ನಿಗೆ ತಾಗುವ ಮೊದಲೇ ನಾನು ಎಳೆದುಕೊಂಡೆ. ಬೆವರಿದ ಕೈ ಜಾರಲಿಲ್ಲ. ಅವನು ಎದ್ದು ತನ್ನ ಬೆರಳುಗಳನ್ನು ನೋಡಿಕೊಂಡ, ನನ್ನದನ್ನೂ ನೋಡಿದ. ಅವತ್ತಿನಿಂದ ತಾನಾಗಿಯೇ ಬೆರಳು ಮಡಿಸಿ ಕೈ ಚಾಚುತ್ತಿದ್ದ.

ಕೈ ಗೆದ್ದಿತು, ಕಾಲು ಸೋತಿತು. ಎರಡನೆಯ ಪಂದ್ಯದಲ್ಲಿ ಎದುರು ತಂಡದ ಹೆಸರಾಂತ ರೈಡರ್ ಒಬ್ಬ ನನ್ನ ಕಡೆಯಿಂದಲೇ ಅಂಕದ ಮೇಲೆ ಅಂಕ ತೆಗೆದ. ನಾನು ಹಿಂದೆ ಸರಿಯುವುದು ನನಗಿಂತ ಮೊದಲು ಅವನಿಗೆ ಗೊತ್ತಾಗುತ್ತಿತ್ತು. ಮರುದಿನ ಬೆಳಿಗ್ಗೆ ಕೋಚ್ ನನ್ನನ್ನು ಕೂರಿಸಿ ವಿಡಿಯೊ ತೋರಿಸಿದರು, ನಿಧಾನಗತಿಯಲ್ಲಿ. ಪ್ರತಿ ಸಲ ಹಿಂದಕ್ಕೆ ಹೋಗುವ ಮುಂಚೆ ನನ್ನ ಹಿಮ್ಮಡಿ ಮೇಲೇಳುತ್ತಿತ್ತು. ಮ್ಯಾಟಿನಲ್ಲಿ ಕೆಸರಿಲ್ಲ, ಬಿಡಿಸಿಕೊಳ್ಳಲು ಏನೂ ಇಲ್ಲ, ಆದರೂ ಏಳುತ್ತಿತ್ತು.

"ಇದೇನಪ್ಪ ಇದು? ನಾನು ಹಿಂದಕ್ ಹೋಗ್ತಿದೀನಿ ಅಂತ ಟಾಂ ಟಾಂ ಹೊಡೀತಿದೀಯ?" ಎಂದರು.

"ಗದ್ದೆ ಅಭ್ಯಾಸ ಸರ್."

"ಗದ್ದೇನ ಊರಲ್ಲಿಟ್ಟು ಬಾ."

ಅವತ್ತಿನಿಂದ ನನ್ನ ಎರಡು ಹಿಮ್ಮಡಿಯ ಕೆಳಗೂ ಹಳೆ ಪೇಪರಿನ ತುಂಡು ಇಟ್ಟರು. ಅದು ಹಿಮ್ಮಡಿ ಬಿಟ್ಟು ಹಾರದ ಹಾಗೆ, ಕಾಲನ್ನು ನೆಲಕ್ಕೆ ಉಜ್ಜಿಕೊಂಡೇ ಹಿಂದೆ ಸರಿಯಬೇಕು. ಬೆಳಿಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ. ಪೇಪರು ಹಾರಿದಾಗಲೆಲ್ಲ ಇಪ್ಪತ್ತು ಬಸ್ಕಿ. ಮೊದಲ ವಾರ ಬಸ್ಕಿಯೇ ಹೆಚ್ಚಾಯಿತು. ಎರಡನೆಯ ವಾರದ ಕೊನೆಗೆ ಪೇಪರು ಕಾಲಿಗೆ ಅಂಟಿದಂತೆ ಬರತೊಡಗಿತು. ಕೋಚ್ ತಲೆಯಾಡಿಸಿದರು. ನನಗೆ ಕುಣಿಯಬೇಕೆನಿಸಿತು.

ಇದೆಲ್ಲವನ್ನೂ ಮ್ಯಾಟಿನ ಪಕ್ಕ ಕುರ್ಚಿ ಹಾಕಿಕೊಂಡು ಒಬ್ಬ ನೋಡುತ್ತಿದ್ದ. ಮಂಡಿಗೆ ಪಟ್ಟಿ ಬಿಗಿದುಕೊಂಡಿದ್ದ, ನಾನು ಯಾರ ಜಾಗದಲ್ಲಿ ನಿಂತಿದ್ದೆನೋ ಅವನು. ತುಂಬ ಒಳ್ಳೆಯವನು, ಅದೇ ನನ್ನ ಕಷ್ಟ. ಇಂಥ ರೈಡರ್ ಯಾವ ಭುಜ ಮೊದಲು ಬಗ್ಗಿಸುತ್ತಾನೆ, ಇಂಥವನ ಉಸಿರು ಎಲ್ಲಿ ಮುಗಿಯುತ್ತದೆ ಎಂದೆಲ್ಲ ಕರೆದು ಹೇಳಿಕೊಡುತ್ತಿದ್ದ. ಅವನು ಹಾಗೆ ಹೇಳಿಕೊಡುವಾಗ ನಾನು ಅವನ ಮಂಡಿಯನ್ನೇ ನೋಡುತ್ತಿದ್ದೆ. ಊತ ಇಳಿದಿದೆಯೇ, ಇಳಿಯದಿದ್ದರೆ ಸಾಕಪ್ಪ ದೇವರೇ, ಎಂದುಕೊಳ್ಳುತ್ತಿದ್ದೆ. ಪಾಪಿ ನಾನು. ಅವನಿಗೂ ಒಬ್ಬ ಅವ್ವ ಇರುತ್ತಾಳೆ ಎಂದು ಗೊತ್ತಿದ್ದೂ ಹಾಗೆ ಬೇಡಿಕೊಂಡಿದ್ದೇನೆ.

ಹೆಜ್ಜೆ ಬದಲಾದ ಮೇಲಿನ ಮೊದಲ ಪಂದ್ಯ ಚೆನ್ನಾಗಿ ಆಯಿತು. ನನ್ನ ಕಡೆಯಿಂದ ಯಾರೂ ಸುಲಭವಾಗಿ ಅಂಕ ತೆಗೆಯಲಿಲ್ಲ. ಹೆಮ್ಮೆಯಿಂದ ಬೀಗುತ್ತ ಮನೆಗೆ ಫೋನು ಮಾಡಿದೆ.

"ಇವತ್ ನಿನ್ನ ಆಡಿಸ್ನಿಲ್ವಾ, ಮಗ?" ಎಂದಳು ಅವ್ವ.

"ಏನವ್ವಾ ಹಂಗಂದ್ರೆ? ಇಡೀ ಮ್ಯಾಚ್ ಆಡಿದೀನಿ!"

"ಇಲ್ಲ ಕಣ. ನಾನೂ ಚಿಕ್ಕವ್ವನೂ ಕಣ್ ಮಿಟುಕಿಸ್ದೆ ನೋಡಿದೀವಿ. ಏಳ್ ಜನದ ಕಾಲೂ ನೋಡ್ದೆ. ನಿನ್ ಕಾಲ್ ಇರ್ನಿಲ್ಲ."

ನನಗೆ ಆಗ ಹೊಳೆಯಿತು. ಅಂಗೈಯಗಲದ ಮೊಬೈಲಿನಲ್ಲಿ ಎಲ್ಲರದೂ ಒಂದೇ ಬಣ್ಣದ ಬನಿಯನ್ನು. ಕ್ಯಾಮೆರಾ ಯಾವಾಗಲೂ ರೈಡರಿನ ಬೆನ್ನು ಹತ್ತಿರುತ್ತದೆ, ನಾವೆಲ್ಲ ಮೂಲೆಯಲ್ಲಿ ಸಾಲುಗಟ್ಟಿದ ಇರುವೆಗಳು. ಅಷ್ಟು ಕಾಲುಗಳ ನಡುವೆ ಅವ್ವ ನನ್ನನ್ನು ಹುಡುಕಿಕೊಳ್ಳುತ್ತಿದ್ದುದು ಆ ಹಿಮ್ಮಡಿಯಿಂದ. ಮುಖದಿಂದಲ್ಲ, ನಂಬರಿನಿಂದಲ್ಲ. ಇದು ಗೊತ್ತಾದಾಗ ನನಗೆ ಅವಳ ಮೇಲೆ ಪ್ರೀತಿ ಉಕ್ಕಬೇಕಿತ್ತು. ಆದರೆ ನನಗೆ ಬಂದದ್ದು ಸಿಟ್ಟು. "ಮ್ಯಾಚ್ ನೋಡಕ್ ಬರ್ದಿದ್ರೆ ನೋಡ್ಬೇಡ ಬಿಡು!" ಎಂದು ಕಿರುಚಿ ಫೋನು ಇಟ್ಟೆ. ಎಷ್ಟೋ ವರ್ಷ ಕಳೆದರೂ ಆ ಮಾತಿನ ನೆನಪಾದರೆ ಈಗಲೂ ನಾಚಿಕೆಯಾಗುತ್ತದೆ.

ಹೀಗೆ ಕೊನೆಯ ಪಂದ್ಯ ಬಂತು. ಹಿಂದಿನ ದಿನ ಕೋಚ್ ನನ್ನನ್ನು ಕರೆದು ಮುಚ್ಚುಮರೆಯಿಲ್ಲದೆ ಹೇಳಿದರು. "ಮಂಡಿಯವನು ಮುಂದಿನ ಸೀಸನ್ನಿಗೆ ರೆಡಿ. ನಿನ್ನನ್ನೂ ಉಳಿಸ್ಕೊಳ್ಳಿ ಅಂತ ಕೇಳೋಕೆ ನಂಗೆ ಇಷ್ಟ. ಆದ್ರೆ ಮೇಲಿನವರು ಶೀಟ್ ನೋಡ್ತಾರೆ. ನಿನ್ನ ಹೆಸರಿನ ಮುಂದೆ ಒಂದೂ ಟ್ಯಾಕಲ್ ಇಲ್ಲ. ನಾಳೆ ಒಂದು ದೊಡ್ಡದು ಹಿಡಿ. ನಾನು ಮಾತಾಡ್ತೀನಿ." ಟ್ಯಾಕಲ್ ಎಂದರೆ ಮೊದಲು ನುಗ್ಗಿ ಹಿಡಿದವನ ಲೆಕ್ಕಕ್ಕೆ ಬರುವ ಅಂಕ. ಕಾರ್ನರಿನ ಕೈ ಬಿಟ್ಟು ನಾನೇ ಮೊದಲು ನುಗ್ಗಬೇಕು. ನುಗ್ಗುತ್ತೇನೆ ಎಂದು ತೀರ್ಮಾನ ಮಾಡಿಕೊಂಡೆ. ಯಾರು ಏನು ಬೇಕಾದರೂ ಅಂದುಕೊಳ್ಳಲಿ.

ಕೊನೆಯ ನಿಮಿಷ. ನಮಗೆ ಒಂದೇ ಅಂಕದ ಮುನ್ನಡೆ. ಎದುರಾಳಿಗಳ ರೈಡು; ಎರಡು ಸಲ ಬರಿಗೈಲಿ ಹೋಗಿದ್ದರಿಂದ ಈ ಸಲ ಅಂಕ ತರದಿದ್ದರೆ ರೈಡರ್ ಔಟು. ಬಂದವನು ಅವನೇ, ನನ್ನ ಹಿಮ್ಮಡಿ ಓದಿ ಅಂಕ ಬಾಚಿದ್ದವನು. ಬಲಕ್ಕೆ ಹೋದ ಹಾಗೆ ಮಾಡಿ ನೇರ ನನ್ನ ಕಡೆಗೇ ತಿರುಗಿದ. ನನ್ನ ಮುಖ ನೋಡಲಿಲ್ಲ, ಕಾಲನ್ನೇ ನೋಡುತ್ತಿದ್ದ.

ಆಮೇಲಿನದ್ದು ನನಗೆ ಕನಸಿನ ಹಾಗಿದೆ. ಸದ್ದೆಲ್ಲ ಇಳಿದುಹೋಯಿತು. ಕಾಲ ಕೆಳಗೆ ಮ್ಯಾಟು ಮೆತ್ತಗಾಯಿತು, ತಣ್ಣಗಾಯಿತು, ಪಾದದ ಸುತ್ತ ನೀರು ಬಂದ ಹಾಗಾಯಿತು. ನನ್ನ ಬಲಗಡೆ ಚಿಕ್ಕವ್ವ ಬಗ್ಗಿದ್ದಾಳೆ, ಎಡ ತುದಿಯಲ್ಲಿ ಅವ್ವನಿದ್ದಾಳೆ ಅನ್ನಿಸಿತು. ನನ್ನ ಹಿಮ್ಮಡಿ ಎದ್ದಿತು. ಬೇಕೆಂದೇ ಎತ್ತಿದೆನೋ, ತಾನಾಗಿ ಎದ್ದಿತೋ, ದೇವರಾಣೆ ಇವತ್ತಿಗೂ ಗೊತ್ತಿಲ್ಲ. ರೈಡರಿನ ಕಣ್ಣು ಮಿಂಚಿತು. ನಾನು ಹಿಂದೆ ಹೋಗುತ್ತೇನೆಂದು ನಂಬಿ ಅವನು ಒಂದು ಹೆಜ್ಜೆ ಹೆಚ್ಚಿಗೆ ಒಳಗಿಟ್ಟ. ನಾನು ಹಿಂದೆ ಹೋಗಲಿಲ್ಲ.

ಅವನ ತೊಡೆ ನನ್ನ ಕೈಗೆಟುಕುವಷ್ಟು ಹತ್ತಿರವಿತ್ತು. ನುಗ್ಗಿದರೆ ನನ್ನದೇ ಅಂಕ. ನುಗ್ಗಬೇಕಾದರೆ ಕೊಕ್ಕೆ ಬಿಡಬೇಕು. ಆ ಹೊತ್ತಿಗಾಗಲೇ ಕಾರ್ನರ್ ತನ್ನ ಇಡೀ ಭಾರವನ್ನು ನನ್ನ ನಾಲ್ಕು ಬೆರಳಿಗೆ ನೇತುಹಾಕಿ ಕಾಲಿನ ಕಡೆಗೆ ಬಾಗಿಬಿಟ್ಟಿದ್ದ. ಬಿಟ್ಟರೆ ಅವನು ಮುಗ್ಗರಿಸುತ್ತಾನೆ. ಬಿಡು ಬಿಡು ಎಂದು ತಲೆ ಹೇಳುತ್ತಿತ್ತು. ಬೆರಳು ಕೇಳಲಿಲ್ಲ. ಕಾರ್ನರನ್ನು ಬೀಸಿ ರೈಡರಿನ ಕಾಲಿಗೆ ಮುಟ್ಟಿಸಿದೆ, ಅವನು ಪಾದ ಹಿಡಿದ, ನಾನು ಎದೆಯನ್ನು ನಡುಗೆರೆಯ ದಾರಿಗೆ ಅಡ್ಡ ಹಾಕಿದೆ. ಮೂವರೂ ಒಬ್ಬರ ಮೇಲೊಬ್ಬರು ಬಿದ್ದೆವು. ಸೀಟಿ ಕೇಳಿಸಿತು, ಗೆದ್ದಿದ್ದೆವು.

ಇಡೀ ಒಳಾಂಗಣ ಕಾರ್ನರಿನ ಹೆಸರು ಕೂಗಿತು. ಕ್ಯಾಮೆರಾದವನು ಅವನ ಕಡೆಗೆ ಓಡುವಾಗ ನನ್ನ ಕಾಲು ತುಳಿದುಕೊಂಡೇ ಹೋದ. ಶೀಟಿನಲ್ಲಿ ಟ್ಯಾಕಲ್ ಕಾರ್ನರಿನ ಹೆಸರಿಗೆ ಹೋಯಿತು. ಕೋಚ್ ದೂರದಿಂದ ನನ್ನನ್ನೇ ನೋಡುತ್ತ ನಿಂತಿದ್ದರು, ಹತ್ತಿರ ಬರಲಿಲ್ಲ. ಮಂಡಿಯವನು ಕುಂಟುತ್ತ ಬಂದು ನನ್ನನ್ನು ಬಾಚಿ ತಬ್ಬಿದ. "ನನ್ನ ಜಾಗವನ್ನು ಚೆನ್ನಾಗಿ ನೋಡಿಕೊಂಡೆ, ತಮ್ಮ," ಎಂದ. ಪ್ರೀತಿಯಿಂದಲೇ ಅಂದದ್ದು. ಆದರೂ ಆ 'ನನ್ನ ಜಾಗ' ಎಂಬ ಮಾತು ನನಗೆ ಚುಚ್ಚಿತು. ಅವ್ವ ಹೇಳಿದ್ದಳಲ್ಲ, ಜಗಳ ಆಡಲಿಲ್ಲ.

ಫೋನು ಮಾಡಲು ಮುಖವಿರಲಿಲ್ಲ. ಅವಳೇ ಮಾಡಿದಳು.

"ಕಾಣಿಸ್ದೆ ಕಣ್ ಮಗ!" ಎಂದಳು, ಹಲೋ ಕೂಡ ಇಲ್ಲದೆ. "ಹಿಮ್ಮಡಿ ಎತ್ತಿದ್ಯಲ್ಲ, ಅಗೋ ನಮ್ಮುಡ್ಗ ಅಂದೆ ಚಿಕ್ಕವ್ವಂಗೆ. ಎತ್ತಿದೋನು ಹಿಂದಕ್ ಬರ್ನಿಲ್ಲ. ಮೋಸ ಮಾಡ್ದೆ ಅಲ್ವೇನ್ಲಾ ಕಳ್ಳ!"

ಸಾವಿರಾರು ಜನ ಕೂತು ನೋಡಿದ ಆ ಆಟದಲ್ಲಿ ಏನು ನಡೆಯಿತು ಎಂಬುದು ಆ ಗದ್ದೆ ಹೆಂಗಸಿಗೆ ಗೊತ್ತಿತ್ತು. ಬಚ್ಚಲುಮನೆಗೆ ಹೋಗಿ ನಲ್ಲಿ ತಿರುಗಿಸಿ ಅತ್ತೆ.

ತಂಡ ನನ್ನನ್ನು ಉಳಿಸಿಕೊಳ್ಳಲಿಲ್ಲ. ಮುಂದಿನ ಹರಾಜಿನಲ್ಲಿಯೂ ಹೆಸರು ಕೂಗಿದರು, ಹಾಳೆ ತಿರುವಿದರು. ಅದರ ಮುಂದಿನದರಲ್ಲಿಯೂ ಅಷ್ಟೇ. ನಾಟಿಯ ತಿಂಗಳುಗಳಲ್ಲೂ, ಯಾವುದಾದರೂ ತಂಡ ಕರೆಯಲಿ ಎಂಬ ಆಸೆಯಿಂದ ಯಾವುದಾದರೂ ಕ್ಯಾಂಪಿನಲ್ಲಿ ಬಿದ್ದಿರುತ್ತಿದ್ದೆ, ಊರಿಗೆ ಹೋಗುತ್ತಿರಲಿಲ್ಲ. ಕರೆಯುತ್ತಲೂ ಇದ್ದರು, ಸುಳ್ಳೇಕೆ. ಒಬ್ಬನ ಭುಜ ಕಳಚಿದಾಗ, ಇನ್ನೊಬ್ಬನ ಪಕ್ಕೆಲುಬು ಮುರಿದಾಗ. ನಾಲ್ಕು ಸೀಸನ್, ಮೂರು ತಂಡ, ಎಲ್ಲಿ ಹೋದರೂ ಬದಲಿ. ಪ್ರತಿ ತಂಡದ ಬನಿಯನ್ನಿನ ಬೆನ್ನಿಗೂ ಇನ್ನೊಬ್ಬನ ಹೆಸರು ಕಿತ್ತ ಅಂಟಿನ ಗುರುತಿರುತ್ತಿತ್ತು. ಪೇಪರಿನ ತುಂಡು ಚೀಲದಲ್ಲಿಟ್ಟುಕೊಂಡು ಹೋಗುತ್ತಿದ್ದೆ. ಆ ಹಿಮ್ಮಡಿ ಮತ್ತೆ ಏಳಲಿಲ್ಲ. ನಾಲ್ಕನೆಯ ಸೀಸನ್ನಿನಲ್ಲಿ ನನ್ನದೇ ಭುಜ ಹೋಯಿತು. ನನ್ನ ಜಾಗಕ್ಕೆ ಮರುದಿನವೇ ಒಬ್ಬ ಬಂದ. ಪಾಪ, ಒಳ್ಳೆಯ ಹುಡುಗ. ಎದುರಾಳಿಗಳ ಉಸಿರಿನ ಲೆಕ್ಕ ಅವನಿಗೂ ಹೇಳಿಕೊಟ್ಟು ಬಂದೆ.

ಭುಜ ಕೂಡಿಕೊಳ್ಳಲಿ ಎಂದು ಒಬ್ಬ ಸ್ನೇಹಿತನ ರೂಮಿನಲ್ಲಿ ಉಳಿದೆ. ಸೋತ ಮುಖ ಹೊತ್ತುಕೊಂಡು ಊರಿಗೆ ಹೋಗುವುದು ಬೇಡವಾಗಿತ್ತು. ಒಂದು ದಿನ ಯಾಕೋ ಎದ್ದವನೇ ಬಸ್ಸು ಹತ್ತಿದೆ. ಯಾರಿಗೂ ಹೇಳಲಿಲ್ಲ. ಕುಶಾಲನಗರದಲ್ಲಿ ಇಳಿದು ಕಾಲುವೆ ಏರಿಯ ಮೇಲೆ ನಡೆದುಕೊಂಡು ಬಂದೆ. ಕಾಲುವೆಯಲ್ಲಿ ನೀರು ಬಿಟ್ಟಿದ್ದರು. ಬೆಳಗಿನ ಮಂಜು ಇನ್ನೂ ಗದ್ದೆಗಳ ಮೇಲೇ ಮಲಗಿತ್ತು. ಅದರೊಳಗಿಂದ ನಮ್ಮ ಹೆಂಗಸರ ಮಾತು ಮೊದಲು ಕೇಳಿಸಿತು, ಆಮೇಲೆ ಬಗ್ಗಿದ ಬೆನ್ನುಗಳು ಒಂದೊಂದಾಗಿ ಕಾಣಿಸಿದವು.

ಬದುವಿನ ಮೇಲೆ ನಿಂತು ನೋಡಿದೆ. ಸಾಲು ಸರಿಯಾಗಿಯೇ ಇತ್ತು, ಒಂದು ಕಡೆ ಬಿಟ್ಟು. ಎಡ ತುದಿಯಲ್ಲಿ ಅವ್ವ. ಅವಳಿಗೂ ಚಿಕ್ಕವ್ವನಿಗೂ ನಡುವೆ ಎರಡು ಮೊಳ ಖಾಲಿ. ಅವ್ವ ಬಲಗೈ ಚಾಚಿ ನೆಡುತ್ತಿದ್ದಳು, ಚಿಕ್ಕವ್ವ ಎಡಗೈ ಚಾಚಿ ನೆಡುತ್ತಿದ್ದಳು.

"ಯಾರ್ ಬಂದಿಲ್ಲ ಇವತ್ತು?" ಎಂದೆ.

ಎಲ್ಲರೂ ತಲೆ ಎತ್ತಿದರು. ಚಿಕ್ಕವ್ವ ಸೊಂಟದ ಮೇಲೆ ಕೈಯಿಟ್ಟುಕೊಂಡು ನೆಟ್ಟಗಾದಳು. "ಯಾರ್ ಬಂದಿಲ್ವಂತೆ! ನಾಕ್ ವರ್ಷದಿಂದ ನಿನ್ ಪಾಲೂ ನಾವೇ ನೆಟ್ಟು ಸೊಂಟ ಬಿದ್ದೋಗದೆ. ಇಳೀಲಾ ಬಡ್ಡಿಮಗನೆ, ಬಗ್ಗು!"

ಪ್ಯಾ‌ಂಟು ಮಡಿಸಿಕೊಂಡು ಇಳಿದೆ. ಎರಡು ಹೆಜ್ಜೆ ಇಡುವಷ್ಟರಲ್ಲಿ ಕಾಲು ಹೂತುಹೋಯಿತು. ಪಾದವನ್ನು ಒಟ್ಟಿಗೇ ಎಳೆದೆ, ಬರಲಿಲ್ಲ. ಇನ್ನೂ ಜೋರಾಗಿ ಎಳೆದೆ, ಮುಗ್ಗರಿಸಿ ಮೊಣಕೈವರೆಗೂ ಕೆಸರಾದೆ. ಹೆಂಗಸರು ಹೊಟ್ಟೆ ಹಿಡಿದುಕೊಂಡು ನಕ್ಕರು. ನಾಲ್ಕು ವರ್ಷ ಪೇಪರಿನ ಮೇಲೆ ನಡೆದ ಕಾಲಿಗೆ ಕೆಸರು ಮರೆತುಹೋಗಿತ್ತು.

ಅವ್ವ ಬಂದಳು. ಭುಜದ ಪಟ್ಟಿಯನ್ನು ನೋಡಿದಳು. ಒಳ್ಳೆಯ ಕೈಯ ಕಡೆಗೆ ಬಂದು ನಾಲ್ಕು ಬೆರಳು ಮಡಿಸಿ ಚಾಚಿದಳು. ನಾನು ಕೊಕ್ಕೆ ಹಾಕಿದೆ.

"ಹಿಮ್ಮಡಿ ಮೊದ್ಲು," ಎಂದಳು.

ಎತ್ತಿದೆ. ಅಡಿಗೆ ನೀರು ನುಗ್ಗಿತು, ಕಾಲು ಬಂತು. ಅವ್ವ ನನ್ನನ್ನು ಆ ಖಾಲಿ ಎರಡು ಮೊಳದವರೆಗೆ ಕೈ ಬಿಡದೆ ಕರೆದುಕೊಂಡು ಹೋಗಿ ನಿಲ್ಲಿಸಿ, ಒಂದು ಸಸಿಕಟ್ಟು ಕೊಟ್ಟು, ತನ್ನ ಜಾಗಕ್ಕೆ ಹೋದಳು.